‘ದಸ್ತಗಿರಿ’, ‘ಬಂಧನ’, ‘ಸ್ಥಾನಬದ್ಧತೆ’: ಎಲ್ಲಿ ಯಾವುದು?

ಪ್ರಶ್ನೆ: ಕಳ್ಳತನದ ಆರೋಪಿಗೂ ಗೂಂಡಾ ಕಾಯ್ದೆಯಲ್ಲಿ ಒಳಗಾದವರಿಗೂ ಪತ್ರಿಕೆಗಳು ‘ಬಂಧನ’ ಎಂದೇ ಬರೆಯುತ್ತವೆ. ಅನುವಾದದಲ್ಲಿ ಬೇರೆ ಮಾಡಬೇಕೆ, ಸಾರ್?

ಉತ್ತರ: ಮಾಡಲೇಬೇಕು. ದಸ್ತಗಿರಿ (ಇಂಗ್ಲಿಷಿನ ‘ಅರೆಸ್ಟ್’) ಪಾರಸಿ ಮೂಲದ್ದು, ‘ದಸ್ತ್’ ಎಂದರೆ ಕೈ. ನಡೆದ ಅಪರಾಧದ ಆರೋಪದ ಮೇಲೆ ಪೊಲೀಸರು ಹಿಡಿಯುವುದಕ್ಕೆ ಈ ಮಾತು ಸಲ್ಲುತ್ತದೆ. ಹಾಗೆ ಹಿಡಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಇದು ಸಂವಿಧಾನದ 22ನೇ ವಿಧಿ.

ಸ್ಥಾನಬದ್ಧತೆ (‘ಪ್ರಿವೆಂಟಿವ್ ಡಿಟೆನ್ಷನ್’) ಬೇರೆಯೇ. ಮುಂದೆ ಏನೋ ಮಾಡಿಯಾರು ಎಂಬ ಶಂಕೆಯ ಮೇಲೆ, ವಿಚಾರಣೆಯಿಲ್ಲದೆ, ಜಿಲ್ಲಾಧಿಕಾರಿಯೋ ಪೊಲೀಸ್ ಕಮಿಷನರೋ ಹೊರಡಿಸಿದ ಆದೇಶದಿಂದ ಕೂಡಿಹಾಕುವುದು. ಮೇಲಿನ ಎರಡು ರಕ್ಷಣೆಗಳೂ ಇಲ್ಲಿ ಇಲ್ಲ. ಅದೇ ವಿಧಿ ಅವನ್ನು ಕಿತ್ತುಕೊಳ್ಳುತ್ತದೆ. ಕರ್ನಾಟಕದ 1985ರ ಗೂಂಡಾ ಕಾಯ್ದೆಯಲ್ಲಿ ಇಂಥ ಆದೇಶಗಳನ್ನು ಪರಿಶೀಲಿಸುವ ಸಲಹಾ ಮಂಡಳಿ ಒಪ್ಪಿದರೆ 12 ತಿಂಗಳವರೆಗೆ ಇಡಬಹುದು.

ಒಳಗಿದ್ದವರಿಗೆ ಉಳಿಯುವ ಆಸರೆ, ಕಾರಣಗಳನ್ನು ತಿಳಿಸಬೇಕು ಎಂಬ ನಿಯಮ. ‘ತಿಳಿಸುವುದು’ ಎಂದರೇನು ಎಂಬುದೇ 1962ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಹಾರಾಷ್ಟ್ರದ ಹರಿಕಿಶನ್ ಅವರಿಗೆ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಹಿಂದಿಯಲ್ಲಿ ಕೊಡಿ ಎಂದು ಕೇಳಿದರೂ ಕೊಡಲಿಲ್ಲ. ಪೊಲೀಸ್ ಅಧಿಕಾರಿ ಬಾಯಲ್ಲಿ ಅನುವಾದಿಸಿ ಹೇಳಿದ್ದರು. ಅಷ್ಟು ಸಾಲದು, ತಿಳಿಯುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕಿತ್ತು ಎಂದು ಕೋರ್ಟು ಬಿಡುಗಡೆ ಮಾಡಿತು. ಭಾಷೆಯವರು ಮರೆಯಬಾರದ ತೀರ್ಪು.

ತುರ್ತುಪರಿಸ್ಥಿತಿಯಲ್ಲಿ ಮೀಸಾದಡಿ (ಆಂತರಿಕ ಭದ್ರತೆಯ ಕಾಯ್ದೆ) ಒಳಗಿದ್ದವರಿಗೆ ಹೇಬಿಯಸ್ ಕಾರ್ಪಸ್ ಬಾಗಿಲೂ, ಅಂದರೆ ಸೆರೆ ಸರಿಯೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಯೂ, ಮುಚ್ಚಿತು: 1976ರ ಏಪ್ರಿಲ್ 28ರ ಜಬಲ್ಪುರ ಪ್ರಕರಣದ ತೀರ್ಪು, ನಾಲ್ವರು ಒಂದು ಕಡೆ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಅದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ.

ಸ್ಥಾನಬದ್ಧತೆಗೆ ‘ಮುಂಜಾಗ್ರತಾ ಬಂಧನ’ ಎನ್ನುವ ರೂಢಿ ನನಗೆ ಒಗ್ಗುವುದಿಲ್ಲ. ವರ್ಷದವರೆಗಿನ ಸೆರೆಯೂ ಒಳ್ಳೆಯ ಎಚ್ಚರಿಕೆಯಂತೆ ಕೇಳಿಸುತ್ತದೆ. ಜೊತೆಗೆ, ಬಂದ್ ದಿನ ಹಿಡಿದು ಸಂಜೆ ಬಿಡುವುದಕ್ಕೂ ಇದನ್ನೇ ಬಳಸುತ್ತಾರೆ. ಅದಕ್ಕೆ ‘ವಶಕ್ಕೆ ಪಡೆದರು’ ಸಾಕು. ಕೋರ್ಟು ಜೈಲಿಗೆ ಕಳಿಸಿದರೆ ‘ನ್ಯಾಯಾಂಗ ಬಂಧನ’. ಕಾನೂನಿನ ಪಠ್ಯಕ್ಕೆ ‘ಸ್ಥಾನಬದ್ಧತೆ’ ಇಟ್ಟುಕೊಳ್ಳಿ. ಪತ್ರಿಕೆಗಾದರೆ ‘ವಿಚಾರಣೆಯಿಲ್ಲದ ಸೆರೆ’ ಎಂದು ಬಿಡಿಸಿ ಬರೆಯಿರಿ, ಯಾವ ಕಾಯ್ದೆ, ಆದೇಶ ಯಾರದು ಎಂಬುದನ್ನೂ ಅದೇ ವಾಕ್ಯದಲ್ಲಿ ಸೇರಿಸಿ.