ಅಪ್‌ಡೇಟ್: ಬಿಸಿಯಾಗದಿದ್ದ ಡ್ರೈಯರ್ ಸರಿಹೋಯ್ತು

ಮಡಿಕೇರಿ ಮಳೆಗಾಲದಲ್ಲೇ ಬಟ್ಟೆ ಡ್ರೈಯರ್ ಕೈಕೊಟ್ಟಿದೆ, ಡ್ರಮ್ ತಿರುಗುತ್ತೆ, ಗಾಳಿ ಮಾತ್ರ ತಣ್ಣಗೆ ಬರುತ್ತೆ ಅಂತ ಹೋದ ವಾರ ಕೇಳಿದ್ದೆ. ಈಗ ಸರಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಹೀಟರ್ ಕಾಯಿಲ್ ಸುಟ್ಟಿರಬೇಕು ಅಂತ ಜಾಸ್ತಿ ಜನ ಹೇಳಿದ್ದಿರಿ. ಅದಲ್ಲ. ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿ ಕಾಯಿಲ್‌ಗೆ ಮಲ್ಟಿಮೀಟರ್ (ಕರೆಂಟ್ ಹರಿವು, ತಡೆ ಅಳೆಯುವ ಮೀಟರ್) ಇಟ್ಟರೆ ಸುಮಾರು 26 ಓಮ್ ತೋರಿಸಿತು. 230 ವೋಲ್ಟ್‌ನ 2000 ವ್ಯಾಟ್ ಹೀಟರ್‌ಗೆ ಅಷ್ಟೇ ಬರಬೇಕು. ವೋಲ್ಟೇಜ್ ಕೂಡ ಸರಿಯಾಗೇ ಇತ್ತು.

‘ಥರ್ಮಲ್ ಫ್ಯೂಸ್ ನೋಡಿ’ ಅಂದವರ ಮಾತೇ ನಿಜವಾಯ್ತು. ಹೀಟರ್ ಪಕ್ಕ ಎರಡು ವೈರ್ ಸೇರುವ, ಜಾಸ್ತಿ ಬಿಸಿಯಾದರೆ ಕರೆಂಟ್ ಕಡಿಯುವ ಪುಟ್ಟ ಬಿಲ್ಲೆ ಅದು. ಮೀಟರ್ ಬೀಪ್ ಅನ್ನಲೇ ಇಲ್ಲ, ಅಂದ್ರೆ ಫ್ಯೂಸ್ ಒಳಗೇ ಕಡಿದುಹೋಗಿತ್ತು. ಇದು ಒಮ್ಮೆ ಹೋದರೆ ಹೋದಂತೆ. ಅದೇ ರೇಟಿಂಗ್‌ನ ಹೊಸದು ಹಾಕಿದೆ. ವೈರ್ ನೇರವಾಗಿ ಸೇರಿಸಿಬಿಡಿ ಅನ್ನೋ ಸಲಹೆಯೂ ಬಂದಿತ್ತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಬೆಂಕಿ ಹತ್ತದಂತೆ ಕಾಯೋದೇ ಆ ಫ್ಯೂಸ್.

ಆದರೆ ಫ್ಯೂಸ್ ಸುಮ್ನೆ ಹೋಗಲ್ಲ ಅಲ್ವಾ? ಗಾಳಿ ಹೊರಗೆ ಬಿಡುವ ಪೈಪ್ ಗೋಡೆ ಹತ್ತಿರ ಮಡಚಿಕೊಂಡಿತ್ತು. ಒಳಗೆಲ್ಲಾ ಒದ್ದೆ ನೂಲಿನ ಧೂಳು ಗಟ್ಟಿಯಾಗಿ ಕೂತಿತ್ತು. ಗಾಳಿ ಸರಿಯಾಗಿ ಆಡದೆ ಒಳಗೆ ಬಿಸಿ ಏರಿದ್ದಕ್ಕೇ ಫ್ಯೂಸ್ ಹೋಗಿದ್ದು. ಇನ್ನೂ ಆಶ್ಚರ್ಯ ಅಂದ್ರೆ ಫಿಲ್ಟರ್. ನೋಡೋಕೆ ಶುಭ್ರವಾಗೇ ಇತ್ತು, ನಲ್ಲಿ ಕೆಳಗೆ ಹಿಡಿದರೆ ನೀರು ಜಾಲರಿ ಮೇಲೇ ನಿಂತುಬಿಟ್ಟಿತು! ಬಟ್ಟೆಗೆ ಹಾಕುವ ಕಂಡೀಷನರ್‌ನ ಜಿಡ್ಡು ಕಣ್ಣಿಗೆ ಕಾಣದ ಹಾಗೆ ಕಟ್ಟಿಕೊಂಡಿತ್ತು. ಬಿಸಿನೀರು, ಪಾತ್ರೆ ಸೋಪು, ಹಳೇ ಬ್ರಷ್ ಹಾಕಿ ಮೆಲ್ಲಗೆ ತಿಕ್ಕಿದ ಮೇಲೆ ನೀರು ಸರಾಗವಾಗಿ ಇಳಿಯಿತು. ಈಗ ದಪ್ಪ ಬೆಡ್‌ಶೀಟ್ ಕೂಡ ಒಂದೇ ಸಲಕ್ಕೆ ಒಣಗುತ್ತಿದೆ.