ಮೂಳೆ, ಕೀಲಿನ ಹೊಸ ವಿಷಯಗಳನ್ನು ನೀವೆಲ್ಲ ಹೇಗೆ ಓದುತ್ತೀರಿ?

ಪ್ರಶ್ನೆ: ಶ್ರೀನಿವಾಸಪುರದ ಎಂಬಿಬಿಎಸ್

22 ವರ್ಷದಿಂದ ಇಲ್ಲೇ ಕ್ಲಿನಿಕ್ ಇಟ್ಟಿದ್ದೇನೆ. ಮಾವಿನ ಸೀಸನ್ನಿನಲ್ಲಿ ಮಾರುಕಟ್ಟೆ ಹಮಾಲರ ಸೊಂಟನೋವು, ಉಳಿದ ದಿನ ಜ್ವರ, ಬಿಪಿ, ಶುಗರ್.

ಹೋದ ವರ್ಷ ಒಂದು ತಪ್ಪು ಮಾಡಿದೆ. 68 ವರ್ಷದ ಅಜ್ಜಿ, ಹಳೇ ಸಂಧಿವಾತ, ದಿನಾ 5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್. ಬೆಂಗಳೂರಿನಲ್ಲಿ ಆರು ತಿಂಗಳಿಗೊಮ್ಮೆ ಮೂಳೆ ಸವೆತ ತಡೆಯುವ ಡೆನೊಸುಮ್ಯಾಬ್ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಐದು ಡೋಸ್ ಆಗಿತ್ತು. ಅಷ್ಟರಲ್ಲಿ ಹಲ್ಲು ಕೀಳಿಸಬೇಕಾಯಿತು. ಈ ಸೂಜಿಯಿಂದ ದವಡೆ ಕೆಡುತ್ತದೆ ಅಂತ ಯಾರೋ ಹೆದರಿಸಿದ್ದರಂತೆ. 'ಈ ಸಲ ಬೇಡ ಅಲ್ವಾ ಸಾರ್?' ಅಂದರು. 'ಬೇಡ ಬಿಡಮ್ಮ, ಆಮೇಲೆ ನೋಡೋಣ' ಅಂದೆ. ಕೊನೆ ಡೋಸ್ ಆಗಿ ಹನ್ನೊಂದನೇ ತಿಂಗಳು. ಭಾರ ಎತ್ತಿದ್ದೂ ಇಲ್ಲ, ಸುಮ್ನೆ ಪೊರಕೆಗೆ ಬಗ್ಗಿದ್ದಾರೆ. ಬೆನ್ನಿನ ಮೂರು ಮೂಳೆ ಕುಸಿದಿದ್ದವು.

ನನ್ನ ತಲೆಯಲ್ಲಿದ್ದದ್ದು ಮೂಳೆ ಸವೆತದ ಹಳೇ ಮಾತ್ರೆ ಅಲೆಂಡ್ರೊನೇಟ್ ಲೆಕ್ಕ. ಅದು ಮೂಳೆಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ, ನಾಲ್ಕು ತಿಂಗಳು ಬಿಟ್ಟರೂ ನಡೆಯುತ್ತದೆ. ಡೆನೊಸುಮ್ಯಾಬ್ ಹಾಗಲ್ಲ. ನಿಲ್ಲಿಸಿದರೆ ಸವೆತ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ. ನಾನು ಓದುವಾಗ ಈ ಔಷಧಿಯೇ ಇರಲಿಲ್ಲ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2010ರಲ್ಲಿ.

ಡಾಕ್ಟರುಗಳು ಹೊಸದನ್ನು ಕಲಿಯಲಿ ಅಂತ ಇಟ್ಟ ತರಬೇತಿ, ಐದು ವರ್ಷಕ್ಕೆ 30 ಕ್ರೆಡಿಟ್ ಅವರ್, ನಾನೂ ತಪ್ಪದೆ ಮಾಡಿದ್ದೇನೆ. ಅಲ್ಲಿ ಊಟ ಚೆನ್ನಾಗಿರುತ್ತದೆ. ಆದರೆ ಇದು ಕಿವಿಗೆ ಬಿದ್ದಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವವನು ಏನು ಓದಬೇಕು, ಹೇಳಿ.

ಉತ್ತರ 1: ತುಮಕೂರಿನ ಮೂಳೆ ಡಾಕ್ಟರ್

ಎಲ್ಲ ಓದಲು ಹೋಗಬೇಡಿ ಸಾರ್, ನನ್ನ ಕೈಲೂ ಆಗಲ್ಲ. ನೀವು ಬರೆಯದ ಔಷಧಿ ಚೀಟಿಯಲ್ಲಿ ಕಂಡರೆ ಅವತ್ತೇ ಅದೊಂದನ್ನು ನೋಡಿ. ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟಿನಲ್ಲಿ ಹುಡುಕಿದ್ದನ್ನು ಸೇವ್ ಮಾಡಿದರೆ ತಿಂಗಳಿಗೊಮ್ಮೆ ಹೊಸ ಪೇಪರ್‌ಗಳ ಪಟ್ಟಿ ಮೇಲ್‌ಗೆ ಬರುತ್ತದೆ. 'ರಿವ್ಯೂ', 'ಫ್ರೀ ಫುಲ್ ಟೆಕ್ಸ್ಟ್' ಎರಡೂ ಟಿಕ್ ಮಾಡಿ. ಕಾಸು ಬೇಡ.

ಹಲ್ಲನ್ನು ಎರಡು ಡೋಸ್ ನಡುವೆ ಕೀಳಿಸಿ, ಗಾಯ ಮಾಯಲು ಬಿಡಬಹುದಿತ್ತು. ಸೂಜಿ ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಅಲೆಂಡ್ರೊನೇಟ್ ಜಾತಿಯದೇ ಆದ ಜೊಲೆಡ್ರೊನಿಕ್ ಆಸಿಡ್ ಥರದ್ದು ಬರಬೇಕು. ಖಾಲಿ ಬಿಡುವ ಹಾಗಿಲ್ಲ.

ಉತ್ತರ 2: ಪಾವಗಡದಿಂದ

ಮೇಲ್ ಬರಲಿ, ಒಳ್ಳೇದೇ. ಆದರೆ ಆ ಪೇಪರ್‌ಗಳಲ್ಲಿ ಜಾಸ್ತಿ ಇರುವುದು ನಮ್ಮ ನೀರು ಕುಡಿಯದವರ ಮೂಳೆ. ಇಲ್ಲಿ ಬೋರ್‌ವೆಲ್ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟುವ ಊರುಗಳಿವೆ. ಫ್ಲೋರೋಸಿಸ್, ಅಂದರೆ ಆ ಫ್ಲೋರೈಡ್‌ನಿಂದ ಮೂಳೆ ಕೆಡುವ ಕಾಯಿಲೆ, ಆದವರ ಬೆನ್ನಿನ ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವ ಸ್ಕ್ಯಾನ್) ಚೆನ್ನಾಗಿಯೇ ಬರುತ್ತದೆ. ಸಾಂದ್ರತೆ ಜಾಸ್ತಿ, ಗಟ್ಟಿತನ ಕಮ್ಮಿ. ಅನುಮಾನ ಬಂದರೆ ಮುಂಗೈ ಎಕ್ಸ್‌ರೇ ತೆಗೆಸುತ್ತೇನೆ. ಎರಡು ಮೂಳೆ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದು ಕಾಣುತ್ತದೆ.

ಪ್ರಶ್ನೆ ಕೇಳಿದವರು:

ಮೇಲ್ ವ್ಯವಸ್ಥೆ ಮಾಡಿಕೊಂಡೆ. ಮಗಳು ಫೋನಿನಲ್ಲಿ ಹೇಳಿಕೊಟ್ಟಳು, ಬೈದುಕೊಂಡೇ. ಪಾವಗಡದ ಸಾರ್, ನಮ್ಮ ಅಜ್ಜಿ ಹುಟ್ಟಿದಾಗಿನಿಂದ ಕುಡಿದದ್ದು ಬಾವಿ, ಬೋರ್‌ವೆಲ್ ನೀರೇ. ನಾಳೆ ಹಳೇ ಡೆಕ್ಸಾ ರಿಪೋರ್ಟ್ ತರಲು ಹೇಳಿದ್ದೇನೆ.