ಒಂದೇ ಪಂದ್ಯ ಆಡಿದವನಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೇಸ್‌ಬಾಲ್ ಬಗ್ಗೆ ಬರೆಯುತ್ತಾ ಒಂದು ಮಾತಿನ ಹತ್ತಿರ ನಿಂತುಬಿಟ್ಟಿದ್ದೇನೆ. ದೊಡ್ಡ ಲೀಗಿನಲ್ಲಿ, ಅಂದರೆ ಅಲ್ಲಿನ ಅತಿ ಮೇಲಿನ ಮಟ್ಟದ ಬೇಸ್‌ಬಾಲ್‌ನಲ್ಲಿ, ಒಂದೆರಡು ಪಂದ್ಯ ಆಡಿ ಮರೆಯಾದವನಿಗೆ ಅಮೆರಿಕದವರು 'ಕಪ್ ಆಫ್ ಕಾಫಿ' ಸಿಕ್ಕಿತು ಅನ್ನುತ್ತಾರೆ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ಇದ್ದ ಅಂತ ಅರ್ಥ. ಹಾಗೇ ಕನ್ನಡಕ್ಕೆ ಇಳಿಸಿದರೆ ಕೆಟ್ಟಿತು. ನಮ್ಮಲ್ಲಿ ಕಾಫಿಗೆ ಅಂತ ಬಂದವರು ಏಳುವುದು ಊಟದ ಹೊತ್ತಿಗೇ ಅಲ್ವಾ!

ನಾನು ಬರೆಯುತ್ತಿರುವುದು ವಿಲಿಯಂ ಎಡ್ವರ್ಡ್ ವೈಟ್ ಬಗ್ಗೆ. ಬ್ರೌನ್ ವಿಶ್ವವಿದ್ಯಾಲಯದ ಹುಡುಗ. ಪ್ರಾವಿಡೆನ್ಸ್ ಗ್ರೇಸ್ ತಂಡದ ಜೋ ಸ್ಟಾರ್ಟ್‌ಗೆ ಗಾಯವಾಗಿತ್ತು. ಹಾಗಾಗಿ 1879ರ ಜೂನ್ 21ರಂದು ಕ್ಲೀವ್‌ಲ್ಯಾಂಡ್ ವಿರುದ್ಧ ಫಸ್ಟ್ ಬೇಸಿನಲ್ಲಿ (ಚೆಂಡು ಹೊಡೆದವನು ಓಡಿ ಮೊದಲು ಮುಟ್ಟಬೇಕಾದ ಜಾಗ) ಕಾಯಲು ವೈಟ್‌ನನ್ನು ನಿಲ್ಲಿಸಿದರು. ಒಂದು ಹಿಟ್ ಹೊಡೆದ, ಒಂದು ರನ್ ತಂದ. ತಂಡ 5-3ರಿಂದ ಗೆದ್ದಿತು. ಮತ್ತೆ ಆ ಮಟ್ಟದಲ್ಲಿ ಅವನು ಆಡಲೇ ಇಲ್ಲ.

ಮೊದಲು 'ಬಂದ ಪುಟ್ಟ, ಹೋದ ಪುಟ್ಟ' ಅಂತ ಬರೆದೆ. ಕೇಳಲು ಚೆಂದ. ಆದರೆ ಬಂದವನು ಸುಮ್ನೆ ಬಂದು ಹೋದ ಅನ್ನುವ ಕುಟುಕು ಅದರಲ್ಲಿದೆ. 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪರ ಒಂದೇ ಪಂದ್ಯದ ಕೊನೆಗೆ ಫೀಲ್ಡಿಂಗ್‌ಗೆ ಇಳಿದ ಮೂನ್‌ಲೈಟ್ ಗ್ರಹಾಂಗೆ ಬೇಕಾದರೆ ಒಪ್ಪೀತು. ಅವನಿಗೆ ಬ್ಯಾಟಿಂಗ್ ಸರದಿಯೇ ಬರಲಿಲ್ಲ.

ವೈಟ್ ವಿಷಯ ಬೇರೆ. ಅವನು ಹುಟ್ಟಿದ್ದು ಜಾರ್ಜಿಯಾದಲ್ಲಿ. ಅಪ್ಪ ಗುಲಾಮರನ್ನು ಇಟ್ಟುಕೊಂಡಿದ್ದ ಬಿಳಿಯ, ಅಮ್ಮ ಅವನ ಗುಲಾಮಳಾಗಿದ್ದವಳು. ಇದು ಬೇಸ್‌ಬಾಲ್ ಇತಿಹಾಸ ಕೆದಕುವವರ ಕಣ್ಣಿಗೆ ಬಿದ್ದದ್ದು 2000ದ ನಂತರವೇ. ಅಲ್ಲಿಯವರೆಗೆ ದೊಡ್ಡ ಲೀಗಿನ ಮೊದಲ ಕಪ್ಪು ಆಟಗಾರ ಅಂದರೆ 1884ರಲ್ಲಿ ಟೊಲಿಡೊ ಪರ ಆಡಿದ ಮೋಸೆಸ್ ಫ್ಲೀಟ್‌ವುಡ್ ವಾಕರ್. ಈಗ ಕೆಲವರು ವೈಟ್ ಹೆಸರು ಹೇಳುತ್ತಾರೆ. ಆದರೆ ಅವನು ಬಿಳಿಯನಾಗಿಯೇ ಬದುಕಿದವನು, ಅವನನ್ನು ಹಾಗೆ ಎಣಿಸುವುದು ಹೇಗೆ ಅಂತ ಇನ್ನು ಕೆಲವರು. ಇಷ್ಟೆಲ್ಲ ಜಗಳ ಎಬ್ಬಿಸಿದ ಪಂದ್ಯವನ್ನು ಪುಟ್ಟನ ಲೆಕ್ಕಕ್ಕೆ ಸೇರಿಸಲು ನನಗಂತೂ ಮನಸ್ಸಿಲ್ಲ.

'ಬದಲಿ ಆಟಗಾರ' ಅನ್ನೋಣವೆಂದರೆ, ಕ್ರಿಕೆಟ್ ಓದುಗರು ಬರೀ ಫೀಲ್ಡಿಂಗ್‌ಗೆ ಬಂದವನು ಅಂದುಕೊಳ್ಳುತ್ತಾರೆ. ವೈಟ್ ಪೂರ್ತಿ ಆಡಿದವನು. 'ಒಂದೇ ಪಂದ್ಯದ ಆಟಗಾರ' ಸರಿಯಾಗಿದೆ, ಆದರೆ ಅಂಕಿಅಂಶದ ಪಟ್ಟಿಯ ಹಾಗಿದೆ. ಸದ್ಯಕ್ಕೆ 'ಒಂದು ದಿನದ ಮಟ್ಟಿಗೆ ಆಡಿ ಹೋದವನು' ಅಂತ ಇಟ್ಟಿದ್ದೇನೆ. ಸ್ವಲ್ಪ ಉದ್ದ ಜಾಸ್ತಿ ಆಯ್ತು.

ಊರಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಒಬ್ಬ ಕಡಿಮೆ ಬಿದ್ದರೆ ಯಾರನ್ನೋ ಕರೆದು ಆಡಿಸುತ್ತಾರಲ್ಲ, ಅವನಿಗೆ ನಿಮ್ಮ ಕಡೆ ಏನನ್ನುತ್ತಾರೆ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ.